ಸ್ಟೆಂಟ್ ಹಾಕಿಸಿಕೊಂಡ ಅಪ್ಪನ ಹಲ್ಲು ಕೀಳಿಸಬೇಕು: ಮಾತ್ರೆ ನಿಲ್ಲಿಸಬೇಕೇ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಐದು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಎರಡು ಸ್ಟೆಂಟ್ ಹಾಕಿದ್ದಾರೆ. ಎಕೋಸ್ಪ್ರಿನ್ 75, ಟಿಕಾಗ್ರೆಲಾರ್ 90, ಅಟೋರ್ವಾಸ್ಟಾಟಿನ್, ಮೆಟೊಪ್ರೊಲಾಲ್, ಬಿಪಿಗೆ ಆಮ್ಲೋಡಿಪಿನ್ ನಡೆಯುತ್ತಿವೆ. ಹದಿನೈದು ದಿನದಿಂದ ಎಡಗಡೆ ಕೆಳಗಿನ ದವಡೆ ಹಲ್ಲು ನೋವು, ಎರಡು ಸಲ ಕೆನ್ನೆ ಊದಿ ಇಳಿದಿದೆ. ಒಂದು ಕ್ಲಿನಿಕ್ಕಿನಲ್ಲಿ ‘ಕೀಳಲೇಬೇಕು, ರಕ್ತ ತೆಳು ಮಾಡುವ ಮಾತ್ರೆ ಐದು ದಿನ ನಿಲ್ಲಿಸಿ ಬನ್ನಿ’ ಎಂದರು. ಇನ್ನೊಂದರಲ್ಲಿ ‘ಹಾರ್ಟ್ ಪೇಷಂಟನ್ನು ನಾವು ಮುಟ್ಟುವುದಿಲ್ಲ, ವರ್ಷ ಕಳೆಯಲಿ’ ಎಂದರು. ಅಪ್ಪ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುತ್ತಾ ಕೂತಿದ್ದಾರೆ. ನಮ್ಮ ಚಿಕ್ಕಮ್ಮನಿಗೆ ಒಂಬತ್ತು ವರ್ಷದ ಹಿಂದೆ ಹಾರ್ಟಿನ ವಾಲ್ವ್ ಬದಲಾಯಿಸಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ಅಸಿಟ್ರಾಮ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರಿಗೆ ಹಲ್ಲು ಕ್ಲೀನ್ ಮಾಡುವ ಮೊದಲು ನಾಲ್ಕು ಆಂಟಿಬಯೋಟಿಕ್ ಕ್ಯಾಪ್ಸೂಲ್ ಒಟ್ಟಿಗೆ ನುಂಗಿಸಿದ್ದರಂತೆ. ಅಪ್ಪನಿಗೂ ಅದು ಬೇಕೇ? ಬೆಂಗಳೂರಿಗೇ ಕರೆದುಕೊಂಡು ಹೋಗಬೇಕೇ?
ಒಬ್ಬ ಓದುಗರು, ಹರಿಹರ

ಉತ್ತರ: ಮಾತ್ರೆ ನಿಲ್ಲಿಸಬೇಡಿ. ಮಿಕ್ಕಿದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ, ಮೊದಲು ಅಪ್ಪನಿಗೆ ಇದನ್ನು ಹೇಳಿಬಿಡಿ. ರಕ್ತ ತೆಳು ಮಾಡುವ ಆ ಎರಡು ಮಾತ್ರೆಗಳಲ್ಲಿ, ಎಕೋಸ್ಪ್ರಿನ್ (ಅಂದರೆ ಆಸ್ಪಿರಿನ್) ಆಗಲಿ ಟಿಕಾಗ್ರೆಲಾರ್ ಆಗಲಿ, ಒಂದು ಹೊತ್ತಿನದೂ ತಪ್ಪಬಾರದು. ಇವನ್ನು ಬಿಡಿಸುವ ಅಧಿಕಾರ ಸ್ಟೆಂಟ್ ಹಾಕಿದ ಹೃದ್ರೋಗ ತಜ್ಞರದ್ದು. ನಿಮ್ಮೂರಿನ ಹಲ್ಲಿನ ಡಾಕ್ಟರದ್ದಲ್ಲ, ಹಲ್ಲಿನ ಡಾಕ್ಟರಾದ ನನ್ನದೂ ಅಲ್ಲ.

ಕಾರಣ ಹೇಳುತ್ತೇನೆ. ಸ್ಟೆಂಟ್ ಎಂದರೆ ರಕ್ತನಾಳದೊಳಗೆ ಕೂರಿಸಿದ ಲೋಹದ ಜಾಳಿಗೆ. ಲೋಹ ಕಂಡಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳಲು ನೋಡುತ್ತವೆ. ನಾಳದ ಒಳಪದರ ನಿಧಾನವಾಗಿ ಬೆಳೆದು ಆ ಜಾಳಿಗೆಯನ್ನು ಮುಚ್ಚಿಕೊಳ್ಳುತ್ತದೆ, ಆದರೆ ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಔಷಧ ಲೇಪಿಸಿದ ಈಗಿನ ಸ್ಟೆಂಟ್‌ಗಳಲ್ಲಿ ಆ ಮುಚ್ಚಿಕೊಳ್ಳುವ ಕೆಲಸ ಇನ್ನೂ ನಿಧಾನ. ಅಲ್ಲಿಯವರೆಗೆ ಕಾವಲು ಕಾಯುವುದು ಈ ಎರಡು ಮಾತ್ರೆಗಳೇ. ಹಾರ್ಟ್ ಅಟ್ಯಾಕ್ ಆದವರಿಗೆ ಸಾಮಾನ್ಯವಾಗಿ ಒಂದು ವರ್ಷ ಎರಡನ್ನೂ ಕೊಡುವುದು ಇದಕ್ಕೇ. ನಡುವೆ ಕೈಬಿಟ್ಟರೆ ಸ್ಟೆಂಟಿನೊಳಗೆ ಹೆಪ್ಪು ಕಟ್ಟಿ ನಾಳ ಒಮ್ಮೆಗೇ ಮುಚ್ಚಿಹೋಗಬಹುದು. ಅದು ಮೊದಲನೆಯದಕ್ಕಿಂತ ಕೆಟ್ಟ ಅಟ್ಯಾಕ್, ಎಷ್ಟೋ ಜನ ಆಸ್ಪತ್ರೆ ಮುಟ್ಟುವುದಿಲ್ಲ.

ಹಲ್ಲು ಕಿತ್ತ ಜಾಗದಲ್ಲಿ ರಕ್ತ ಬಂದರೆ ಬೆರಳಿಟ್ಟು ಒತ್ತಬಹುದು. ಸ್ಟೆಂಟಿನೊಳಗೆ ಹೆಪ್ಪುಗಟ್ಟಿದರೆ ಅಲ್ಲಿಗೆ ಯಾರ ಬೆರಳೂ ಹೋಗುವುದಿಲ್ಲ.

ನಿಮ್ಮ ಊರಿನ ಆ ಡಾಕ್ಟರನ್ನು ದೂರಿ ಪ್ರಯೋಜನವಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಪರೀಕ್ಷೆಯಲ್ಲಿ ‘ಆಸ್ಪಿರಿನ್ ಏಳು ದಿನ ಮೊದಲು ನಿಲ್ಲಿಸಬೇಕು’ ಎಂದು ಬರೆದರೇ ಅಂಕ ಸಿಗುತ್ತಿದ್ದದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೇ ಮಾಡುತ್ತಲೂ ಇದ್ದೆ. ನನ್ನ ಮನಸ್ಸು ಬದಲಾದದ್ದು ಒಬ್ಬರನ್ನು ನೋಡಿದ ಮೇಲೆ. ಸ್ಟೆಂಟ್ ಹಾಕಿಸಿಕೊಂಡವರು, ಬೇರೆ ಕಡೆ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿ ಎರಡೂ ಮಾತ್ರೆ ಬಿಟ್ಟಿದ್ದರು. ಹಲ್ಲು ಕೀಳುವ ದಿನಕ್ಕಿಂತ ಹಿಂದಿನ ರಾತ್ರಿ ಎದೆನೋವು ಬಂದು ಎಮರ್ಜೆನ್ಸಿಗೆ ಬಂದರು. ಪುಣ್ಯಕ್ಕೆ ಬದುಕಿಕೊಂಡರು. ಕೀಳಬೇಕಿದ್ದ ಹಲ್ಲು ಇನ್ನೂ ಬಾಯಲ್ಲೇ ಇತ್ತು. 2007ರಲ್ಲಿ ಅಮೆರಿಕದ ಹೃದಯ ತಜ್ಞರ ಸಂಘಗಳು, ಶಸ್ತ್ರವೈದ್ಯರ ಸಂಘ ಮತ್ತು ಅಲ್ಲಿನ ದಂತವೈದ್ಯರ ಸಂಘ ಸೇರಿಯೇ ಒಂದು ಸೂಚನೆ ಹೊರಡಿಸಿದವು: ಹಲ್ಲಿನ ಕೆಲಸಕ್ಕೆಂದು ಈ ಜೋಡಿ ಮಾತ್ರೆಯನ್ನು ಅವಧಿಗೆ ಮೊದಲು ನಿಲ್ಲಿಸಬೇಡಿ, ಅಗತ್ಯವಿದ್ದರೆ ಹೃದ್ರೋಗ ತಜ್ಞರನ್ನು ಕೇಳಿ. ಆಗ ಟಿಕಾಗ್ರೆಲಾರ್ ಬಂದಿರಲಿಲ್ಲ, ಕ್ಲೊಪಿಡೊಗ್ರೆಲ್ ಕಾಲ. ತತ್ವ ಮಾತ್ರ ಇವತ್ತಿಗೂ ಅದೇ.

ಹಾಗಾದರೆ ರಕ್ತ? ಬರುತ್ತದೆ. ಉಳಿದವರಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಜಿನುಗುತ್ತದೆ, ಅಷ್ಟೇ. ಅದಕ್ಕೆ ನಾವು ಮಾಡುವುದು ಹೀಗೆ. ಬಾವು ಇಳಿದ ಮೇಲೆ, ಒಸಡನ್ನು ಆದಷ್ಟು ಹರಿಯದಂತೆ ಹಲ್ಲು ಬಿಡಿಸಿಕೊಳ್ಳುತ್ತೇವೆ. ಗುಳಿಯಲ್ಲಿ ಉಳಿದ ಕೊಳೆತ ಮಾಂಸವನ್ನು ಚೊಕ್ಕಟವಾಗಿ ಕೆರೆದು ತೆಗೆಯುತ್ತೇವೆ. ಅದನ್ನು ಬಿಟ್ಟರೆ ಯಾವ ಮಾತ್ರೆ ನುಂಗದವರಿಗೂ ರಕ್ತ ನಿಲ್ಲುವುದಿಲ್ಲ. ಆಮೇಲೆ ಗುಳಿಯೊಳಗೆ ಒಂದು ತುಂಡು ಜೆಲಟಿನ್ ಸ್ಪಂಜ್ ಇಡುತ್ತೇವೆ. ನೋಡಲು ಥರ್ಮೋಕೋಲಿನ ಚೂರಿನಂತಿರುತ್ತದೆ, ರಕ್ತ ಹೀರಿದ ಕೂಡಲೇ ಮೆತ್ತಗಾಗಿ ಗುಳಿಗೆ ಕಚ್ಚಿಕೊಳ್ಳುತ್ತದೆ, ಕೆಲವು ವಾರದಲ್ಲಿ ತಾನಾಗಿ ಕರಗಿ ಹೋಗುತ್ತದೆ. ಅದರ ಮೇಲೆ ಇಂಗ್ಲಿಷ್ ಎಂಟರ ಆಕಾರದಲ್ಲಿ ಒಂದು ಹೊಲಿಗೆ. ಮೇಲೆ ಒದ್ದೆ ಮಾಡಿ ಮಡಿಸಿದ ಗಾಜ್ ಇಟ್ಟು ಕಚ್ಚಿಸುತ್ತೇವೆ. ಜಿನುಗು ಜಾಸ್ತಿ ಎನಿಸಿದರೆ ಟ್ರೆನೆಕ್ಸಾಮಿಕ್ ಆಸಿಡ್ ಆಂಪೂಲ್ ಒಡೆದು ಗಾಜನ್ನು ಅದರಲ್ಲೇ ಅದ್ದುತ್ತೇವೆ. ಅರ್ಧ, ಮುಕ್ಕಾಲು ಗಂಟೆ ನಮ್ಮ ಕಣ್ಣೆದುರೇ ಕೂರಿಸಿ, ರಕ್ತ ನಿಂತದ್ದನ್ನು ನೋಡಿ ಕಳಿಸುತ್ತೇವೆ. ಇದರಲ್ಲಿ ದೊಡ್ಡ ಆಸ್ಪತ್ರೆಯ ಯಂತ್ರ ಯಾವುದೂ ಇಲ್ಲ. ಬೇಕಾದದ್ದು ತಾಳ್ಮೆ. ಸಾಲಿನಲ್ಲಿ ಹತ್ತು ಜನ ಕಾಯುತ್ತಿರುವ ಕ್ಲಿನಿಕ್ಕಿನಲ್ಲಿ ಸಿಗದೇ ಇರುವುದೂ ಅದೇ.

ಒಂದೇ ಹಲ್ಲಾದ್ದರಿಂದ ನಿಮ್ಮ ತಂದೆಗೆ ಇಷ್ಟು ಸಾಕು. ಹಲವು ಹಲ್ಲು ತೆಗೆಯಬೇಕಾಗಿ ಬಂದರೆ ಒಮ್ಮೆಗೆ ಎರಡು, ಮೂರಕ್ಕಿಂತ ಹೆಚ್ಚು ಬೇಡ. ಮೊದಲ ಹಲ್ಲಿನ ರಕ್ತ ಹೇಗೆ ನಿಲ್ಲುತ್ತದೆ ಎಂದು ನೋಡಿಕೊಂಡೇ ಎರಡನೆಯದಕ್ಕೆ ಕೈ ಹಾಕಬೇಕು.

ಅಂದ ಹಾಗೆ, ಕೀಳಲೇಬೇಕೇ ಎಂದು ಕೇಳಿದ್ದೀರಾ? ಬಾವು ಬಂದು ಹೋದ ಮಾತ್ರಕ್ಕೆ ಹಲ್ಲು ಹೋಯಿತೆಂದಲ್ಲ. ಬೇರು ಗಟ್ಟಿಯಿದ್ದು, ಮೇಲೆ ಕ್ಯಾಪ್ ಕೂರುವಷ್ಟು ಹಲ್ಲು ಉಳಿದಿದ್ದರೆ ರೂಟ್ ಕೆನಾಲ್ ಮಾಡಿ ಉಳಿಸಬಹುದು. ಅದರಲ್ಲಿ ರಕ್ತದ ತಲೆನೋವೇ ಕಡಿಮೆ. ಒಂದು ಎಕ್ಸ್‌ರೇ ನೋಡಿದರೆ ಗೊತ್ತಾಗುತ್ತದೆ. ಖರ್ಚು ಹೆಚ್ಚು, ಎರಡು ಮೂರು ಸಲ ಓಡಾಡಬೇಕು. ಆ ಲೆಕ್ಕ ನಿಮ್ಮ ಮನೆಯದು.

ಇನ್ನು ‘ವರ್ಷ ಕಳೆಯಲಿ’ ಎಂದವರ ಮಾತು. ಹಳದಿ ಹಲ್ಲು ಬಿಳುಪು ಮಾಡಿಸುವುದು, ಇಂಪ್ಲಾಂಟ್, ನೋವಿಲ್ಲದ ಬುದ್ಧಿಹಲ್ಲು ಇಂಥವಕ್ಕಾದರೆ ಕಾಯಿರಿ, ಕಾಯಲೇಬೇಕು. ಹಿಂದೆ ಅಟ್ಯಾಕ್ ಆದ ಆರು ತಿಂಗಳು ಹಲ್ಲಿಗೆ ಕೈಹಾಕಬಾರದು ಎಂಬ ನಿಯಮವಿತ್ತು. ಈಗ ತಿಂಗಳ ಲೆಕ್ಕಕ್ಕಿಂತ ಹೃದಯ ಹೇಗಿದೆ ಎನ್ನುವುದನ್ನು ನೋಡುತ್ತೇವೆ. ಮೊದಲ ಎರಡು ತಿಂಗಳು ತೀರಾ ತುರ್ತು ಬಿಟ್ಟು ಬೇರೇನೂ ಮಾಡುವುದಿಲ್ಲ. ಆಮೇಲೆ ಎದೆನೋವು, ಏದುಸಿರು ಇಲ್ಲದೆ ಒಂದು ಮಹಡಿ ಹತ್ತಿಳಿಯುವವರಾದರೆ ಹೆದರಿಕೆ ಬೇಡ. ಕೀವು ತುಂಬಿದ ಹಲ್ಲಿನ ಕತೆಯೇ ಬೇರೆ. ಎರಡು ಸಲ ಊದಿ ಇಳಿದ ಹಲ್ಲು ಮೂರನೇ ಸಲ ಊದುತ್ತದೆ, ಅದು ಯಾವಾಗಲೂ ಭಾನುವಾರವೇ. ನೋವು, ನಿದ್ದೆಗೇಡು, ಜ್ವರ ಇವೆಲ್ಲ ಹೃದಯಕ್ಕೆ ಕೊಡುವ ಕಾಟ ಚೆನ್ನಾಗಿ ಮರಗಟ್ಟಿಸಿ ಹದಿನೈದು ನಿಮಿಷದಲ್ಲಿ ಹಲ್ಲು ತೆಗೆಯುವುದಕ್ಕಿಂತ ಹೆಚ್ಚು. ಬಾಯಿ ತೆರೆಯಲು ಬಿಗಿಯಾಗುವುದು, ಗಂಟಲ ಕೆಳಗೆ ಊತ ಇಳಿಯುವುದು, ನುಂಗಲು ಕಷ್ಟ ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಿ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸಿದ್ದು ಮೆಡಿಕಲ್ ಶಾಪಿನ ಆ ನೋವಿನ ಮಾತ್ರೆ. ಯಾವುದು ಎಂದು ಬರೆದಿಲ್ಲ. ಹಲ್ಲು ನೋವು ಎಂದರೆ ಅಂಗಡಿಯವರು ಕೊಡುವುದು ಬಹುಮಟ್ಟಿಗೆ ಮೂರರಲ್ಲಿ ಒಂದು: ನೀರಿನಲ್ಲಿ ಕರಗಿಸುವ ಕೆಟೋರೊಲ್ಯಾಕ್, ಅಸಿಕ್ಲೊಫೆನಾಕ್ ಇರುವ ಝೀರೋಡಾಲ್ ಥರದ್ದು, ಇಲ್ಲ ಐಬುಪ್ರೊಫೆನ್ ಇರುವ ಕಾಂಬಿಫ್ಲಾಮ್. ಡೈಕ್ಲೊಫೆನಾಕ್ ಕೂಡ ಅದೇ ಬಳಗ. ಅಟ್ಯಾಕ್ ಆದವರಿಗೆ ಇವು ಆಗಿಬರುವುದಿಲ್ಲ. ಬಿಪಿ ಏರಿಸುತ್ತವೆ, ದೇಹದಲ್ಲಿ ನೀರು ನಿಲ್ಲಿಸುತ್ತವೆ, ಮತ್ತೊಂದು ಅಟ್ಯಾಕಿನ ಸಾಧ್ಯತೆ ಹೆಚ್ಚಿಸುತ್ತವೆ. ಎಕೋಸ್ಪ್ರಿನ್, ಟಿಕಾಗ್ರೆಲಾರ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಐಬುಪ್ರೊಫೆನ್‌ನದು ಇನ್ನೊಂದು ಕಿತಾಪತಿ: ಆಸ್ಪಿರಿನ್ ಪ್ಲೇಟ್‌ಲೆಟ್ಟಿನ ಮೇಲೆ ಕೂರಬೇಕಾದ ಜಾಗದಲ್ಲಿ ತಾನು ಮೊದಲೇ ಹೋಗಿ ಕೂತುಬಿಡುತ್ತದೆ. ಆಸ್ಪಿರಿನ್ ಬಂದು ಜಾಗವಿಲ್ಲದೆ ವಾಪಸ್. ನಿಮ್ಮ ತಂದೆ ಮಾತ್ರೆ ನಿಲ್ಲಿಸದೆಯೇ ನಿಲ್ಲಿಸಿದಂತಾಗುತ್ತದೆ. ರಕ್ತ ತೆಳು ಮಾಡುವ ಮಾತ್ರೆ ಬಿಡಬೇಕೋ ಬೇಡವೋ ಎಂದು ಇಷ್ಟೊಂದು ಯೋಚಿಸುವ ಮನೆಗಳಲ್ಲಿ ನೋವಿನ ಮಾತ್ರೆಯ ಬಗ್ಗೆ ಯಾರೂ ಕೇಳುವುದೇ ಇಲ್ಲ, ಅದು ಮಾತ್ರೆಯ ಲೆಕ್ಕಕ್ಕೇ ಬರುವುದಿಲ್ಲ.

ಬದಲಿಗೆ ಪ್ಯಾರಸಿಟಮಾಲ್. ಡೋಲೋ 650 ಇದ್ದೇ ಇರುತ್ತದಲ್ಲ, ಲಿವರ್ ತೊಂದರೆ ಇಲ್ಲದವರು ಆರು ಗಂಟೆಗೊಂದರಂತೆ ದಿನಕ್ಕೆ ನಾಲ್ಕರವರೆಗೆ ತೆಗೆದುಕೊಳ್ಳಬಹುದು. ಲವಂಗದೆಣ್ಣೆ ಒಂದು ಹನಿ ಹತ್ತಿಯಲ್ಲಿ ಹಚ್ಚಿ ಹುಳುಕಿನೊಳಗೆ ಇಡಿ, ತಪ್ಪೇನಿಲ್ಲ, ಒಸಡಿಗೆ ಸೋಕಿದರೆ ಸುಡುತ್ತದೆ ಅಷ್ಟೇ. ಇದರಲ್ಲೂ ನೋವು ನಿಲ್ಲದಿದ್ದರೆ ಹಲ್ಲಿನ ಕೆಲಸ ಬೇಗ ಆಗಬೇಕು ಎಂದೇ ಅರ್ಥ, ಇನ್ನೂ ಜೋರಿನ ಮಾತ್ರೆ ಹುಡುಕಬೇಡಿ. ಆಂಟಿಬಯೋಟಿಕ್ ಬರೆಸಿಕೊಳ್ಳುವಾಗ ಟಿಕಾಗ್ರೆಲಾರ್ ನಡೆಯುತ್ತಿದೆ ಎಂದು ತಪ್ಪದೆ ಹೇಳಿ. ಕ್ಲಾರಿತ್ರೊಮೈಸಿನ್ ಅದರ ಜೊತೆ ಕೂಡದು. ಅಟೋರ್ವಾಸ್ಟಾಟಿನ್ ಜೊತೆಗೂ ಅದಕ್ಕೆ ಆಗುವುದಿಲ್ಲ.

ನಡುವೆ ಒಂದು ಮಾತು, ಇದು ನಿಮ್ಮ ತಂದೆಗೆ ಅನ್ವಯಿಸದೇ ಇರಬಹುದು. ಎಡಗಡೆ ಕೆಳದವಡೆ ಎಂದೊಡನೆ ನನ್ನ ಕಿವಿ ನೆಟ್ಟಗಾಗುತ್ತದೆ. ಹೃದಯದ ನೋವು ಕೆಲವರಲ್ಲಿ ಎದೆಯಲ್ಲಿ ಕಾಣಿಸಿಕೊಳ್ಳದೆ ದವಡೆಗೆ ಬರುತ್ತದೆ. ನಡೆದರೆ, ಮೆಟ್ಟಿಲು ಹತ್ತಿದರೆ ಬರುವ, ಕೂತರೆ ಹೋಗುವ ದವಡೆ ನೋವು ಹಲ್ಲಿನದಲ್ಲ. ಹುಳುಕಿಲ್ಲದ ಒಳ್ಳೆಯ ಹಲ್ಲನ್ನು ಕೀಳಿಸಿಕೊಂಡೂ ನೋವು ಹೋಗದೆ, ಕೊನೆಗೆ ಇಸಿಜಿಯಲ್ಲಿ ಉತ್ತರ ಸಿಕ್ಕವರನ್ನು ಕಂಡಿದ್ದೇನೆ. ಬಿಸಿ, ತಣ್ಣನೆಯದು ತಗುಲಿದಾಗ, ಕಚ್ಚಿದಾಗ, ರಾತ್ರಿ ಮಲಗಿದಾಗ ಬರುವುದು ಹಲ್ಲಿನ ನೋವು. ನಿಮ್ಮ ತಂದೆಗೆ ಕೆನ್ನೆ ಊದಿದೆ ಎಂದಿರುವುದರಿಂದ ಇದು ಹಲ್ಲಿನದೇ. ಆದರೂ ಒಂದು ಸಲ ‘ನಡೆದಾಗ ಜಾಸ್ತಿಯಾಗುತ್ತಾ ಅಪ್ಪ?’ ಎಂದು ಕೇಳಿನೋಡಿ.

ಮರಗಟ್ಟಿಸುವ ಇಂಜೆಕ್ಷನ್ ಬಗ್ಗೆಯೂ ನಿಮಗೆ ಯಾರಾದರೂ ಹೆದರಿಸಿಯೇ ಇರುತ್ತಾರೆ. ನಮ್ಮಲ್ಲಿ ಬಳಸುವ ಲಿಗ್ನೊಕೇನ್‌ಗೆ ಚೂರು ಅಡ್ರಿನಲಿನ್ ಬೆರೆಸಿರುತ್ತದೆ, ಸಾಮಾನ್ಯವಾಗಿ 80 ಸಾವಿರಕ್ಕೆ ಒಂದು ಪಾಲು. ಅದು ಅಲ್ಲಿನ ರಕ್ತನಾಳ ಕುಗ್ಗಿಸಿ ಮರವು ಹೆಚ್ಚು ಹೊತ್ತು ಇರುವಂತೆ, ರಕ್ತ ಕಡಿಮೆ ಬರುವಂತೆ ಮಾಡುತ್ತದೆ. ಹೃದ್ರೋಗಿಗೆ ಒಂದು ಸಲಕ್ಕೆ 40 ಮೈಕ್ರೋಗ್ರಾಂ ಅಡ್ರಿನಲಿನ್ ದಾಟಬಾರದು ಎಂಬ ಮಿತಿ ಇದೆ. 80 ಸಾವಿರದ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೆ 12.5 ಮೈಕ್ರೋಗ್ರಾಂ. ಅಂದರೆ ಮೂರು ಮಿಲಿಲೀಟರಿನವರೆಗೆ ಮಿತಿಯೊಳಗೇ ಇರುತ್ತೇವೆ, ಕೆಳಗಿನ ಒಂದು ದವಡೆ ಹಲ್ಲಿಗೆ ಅಷ್ಟರಲ್ಲಿ ಕೆಲಸ ಮುಗಿಯುತ್ತದೆ. ಎರಡು ಲಕ್ಷಕ್ಕೆ ಒಂದು ಪಾಲಿನದು ಸಿಕ್ಕರೆ ಇನ್ನೂ ನಿರಾಳ. ನಾವು ನೋಡಿಕೊಳ್ಳಬೇಕಾದದ್ದು ಸೂಜಿ ರಕ್ತನಾಳದೊಳಗೆ ಹೊಕ್ಕಿಲ್ಲ ಎಂಬುದನ್ನು. ಅದಕ್ಕೇ ಔಷಧ ಬಿಡುವ ಮುಂಚೆ ಪಿಸ್ಟನ್ನನ್ನು ಹಿಂದಕ್ಕೆಳೆದು ಸಿರಿಂಜಿಗೆ ರಕ್ತ ಬರುತ್ತದೆಯೇ ನೋಡುತ್ತೇವೆ, ಆಮೇಲೆ ನಿಧಾನಕ್ಕೆ ಬಿಡುತ್ತೇವೆ. ‘ಹಾರ್ಟ್ ಪೇಷಂಟ್’ ಎಂದು ಅಡ್ರಿನಲಿನ್ ಪೂರಾ ಬಿಟ್ಟು ಸಾದಾ ಇಂಜೆಕ್ಷನ್ ಕೊಡುವವರಿದ್ದಾರೆ. ಮರವು ಅರ್ಧಕ್ಕೇ ಹೋಗಿ ಮನುಷ್ಯ ನೋವಿನಿಂದ ಕುರ್ಚಿಯಲ್ಲಿ ಎದ್ದು ಕೂತರೆ, ಅವನ ದೇಹವೇ ಸುರಿಸುವ ಅಡ್ರಿನಲಿನ್ ನಮ್ಮ ಬಾಟಲಿಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ಮೆಟೊಪ್ರೊಲಾಲ್ ಹೆಚ್ಚಾಗಿ ಹೃದಯದ ಮೇಲಷ್ಟೇ ಕೆಲಸ ಮಾಡುವುದರಿಂದ ಈ ಪ್ರಮಾಣದಲ್ಲಿ ತೊಡಕಿಲ್ಲ. ಪ್ರೊಪ್ರಾನೊಲಾಲ್ ತೆಗೆದುಕೊಳ್ಳುವವರಲ್ಲಿ ಬಿಪಿ ಏರುವ ಸಾಧ್ಯತೆ ಇರುವುದರಿಂದ ಇನ್ನಷ್ಟು ಹುಷಾರು ಬೇಕು.

ಈಗ ಚಿಕ್ಕಮ್ಮನ ನಾಲ್ಕು ಕ್ಯಾಪ್ಸೂಲ್.

ಅವರಿಗೆ ಕೊಟ್ಟದ್ದು ಸರಿ. ನಿಮ್ಮ ತಂದೆಗೆ ಬೇಡ. ಇದನ್ನು ತಿರುಗುಮುರುಗು ಮಾಡುವವರೇ ಜಾಸ್ತಿ: ಸ್ಟೆಂಟಿನವರಿಗೆ ಸುಮ್ಮನೆ ಆಂಟಿಬಯೋಟಿಕ್ ನುಂಗಿಸುತ್ತಾರೆ, ವಾಲ್ವ್ ಹಾಕಿಸಿಕೊಂಡವರಿಗೆ ಕೊಡುವುದು ಮರೆತುಬಿಡುತ್ತಾರೆ. ಬಾಯಿ ತುಂಬ ಬ್ಯಾಕ್ಟೀರಿಯಾ ಇರುತ್ತವೆ. ಒಸಡಿಗೆ ಗಾಯವಾದಾಗ ಒಂದಿಷ್ಟು ರಕ್ತಕ್ಕೆ ಸೇರುತ್ತವೆ, ಆರೋಗ್ಯವಂತರಲ್ಲಿ ನಿಮಿಷಗಳಲ್ಲೇ ನಾಶವಾಗುತ್ತವೆ. ಆದರೆ ಕೃತಕ ವಾಲ್ವಿನ ಅಂಚಿಗೆ ಸಿಕ್ಕಿಕೊಂಡು ಅಲ್ಲೇ ಗೂಡು ಕಟ್ಟಿದರೆ ಅದು ಎಂಡೊಕಾರ್ಡೈಟಿಸ್. ವಾರಗಟ್ಟಲೆ ಆಸ್ಪತ್ರೆ, ಕೆಲವೊಮ್ಮೆ ಇನ್ನೊಮ್ಮೆ ಆಪರೇಷನ್, ಪ್ರಾಣಕ್ಕೂ ಸಂಚಕಾರ. ಸ್ಟೆಂಟ್ ಇರುವುದು ರಕ್ತನಾಳದಲ್ಲಿ, ವಾಲ್ವಿನ ಮೇಲಲ್ಲ. ಹಲ್ಲಿನ ಕೆಲಸದಿಂದ ಅದಕ್ಕೆ ಈ ಅಪಾಯವಿಲ್ಲ. ಬೈಪಾಸ್ ಆದವರಿಗೂ ಪೇಸ್‌ಮೇಕರ್ ಇರುವವರಿಗೂ ಬೇಕಿಲ್ಲ. ನಿಮ್ಮ ತಂದೆಗೆ ಹಲ್ಲಿನ ಕೀವಿಗೆಂದು ಆಂಟಿಬಯೋಟಿಕ್ ಬರೆದರೆ ಅದು ಬೇರೆ ವಿಷಯ, ಹೃದಯ ಕಾಯುವುದಕ್ಕಲ್ಲ.

ಯಾರಿಗೆ ಬೇಕು ಎಂಬ ಪಟ್ಟಿ ಒಂದು ಕಾಲಕ್ಕೆ ಉದ್ದವಿತ್ತು. 2007ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಅದನ್ನು ಕತ್ತರಿಸಿ ಬಹಳ ಚಿಕ್ಕದು ಮಾಡಿತು: ಕೃತಕ ವಾಲ್ವ್ ಇರುವವರು, ಹಿಂದೆ ಎಂಡೊಕಾರ್ಡೈಟಿಸ್ ಆದವರು, ಮೈ ನೀಲಿಗಟ್ಟಿಸುವ ಹುಟ್ಟು ಹೃದ್ರೋಗ ಇದ್ದು ಆಪರೇಷನ್ ಆಗದ ಮಕ್ಕಳು, ಹುಟ್ಟು ದೋಷಕ್ಕೆ ತೇಪೆಯನ್ನೋ ಸಾಧನವನ್ನೋ ಹಾಕಿಸಿಕೊಂಡು ಆರು ತಿಂಗಳಾಗದವರು ಅಥವಾ ತೇಪೆಯ ಬಳಿ ಇನ್ನೂ ಸೋರಿಕೆ ಇರುವವರು, ಹೃದಯ ಕಸಿಯಾದ ಮೇಲೆ ವಾಲ್ವ್ ಕೆಟ್ಟವರು. ಅಷ್ಟೇ. ಕಾರಣ ಸರಳ: ಹಲ್ಲುಜ್ಜುವಾಗ, ರೊಟ್ಟಿ ಅಗಿಯುವಾಗ ಕೂಡ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತವೆ, ವರ್ಷಕ್ಕೊಮ್ಮೆ ಡೆಂಟಿಸ್ಟ್ ಬಳಿ ಹೋದಾಗಿನದ್ದು ಅದರ ಮುಂದೆ ಏನೂ ಅಲ್ಲ. ನಮ್ಮ ಕಡೆ ಇನ್ನೂ ಕಾಣುವ ಒಂದು ಗುಂಪು ಈ ಪಟ್ಟಿಯಲ್ಲಿಲ್ಲ: ಚಿಕ್ಕಂದಿನ ಕೀಲುವಾತ ಜ್ವರದಿಂದ, ಅಂದರೆ ರುಮ್ಯಾಟಿಕ್ ಜ್ವರದಿಂದ, ಸ್ವಂತ ವಾಲ್ವ್ ಕೆಟ್ಟವರು. ನ್ಯೂಜಿಲೆಂಡಿನಂಥ ಕಡೆ ಅವರಿಗೂ ಕೊಡುತ್ತಾರೆ, ನಮ್ಮಲ್ಲೂ ಎಷ್ಟೋ ಹೃದ್ರೋಗ ತಜ್ಞರು ಕೊಡಿ ಎನ್ನುತ್ತಾರೆ. ಅವರ ವಾಲ್ವ್ ನೋಡುತ್ತಿರುವ ಡಾಕ್ಟರ ಮಾತನ್ನೇ ನಾನು ಒಪ್ಪಿಕೊಳ್ಳುತ್ತೇನೆ.

ನಾಲ್ಕು ಕ್ಯಾಪ್ಸೂಲ್ ಎಂದರೆ ಅಮಾಕ್ಸಿಸಿಲಿನ್ 500ರ ನಾಲ್ಕು, ಒಟ್ಟು ಎರಡು ಗ್ರಾಂ, ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು, ಒಂದೇ ಸಲ. ಮುಂದೆ ಐದು ದಿನದ ಕೋರ್ಸ್ ಬೇಡ. ಮರೆತು ಹೋದರೆ ಕೆಲಸ ಮುಗಿದ ಎರಡು ಗಂಟೆಯೊಳಗೆ ನುಂಗಬಹುದು. ಪೆನಿಸಿಲಿನ್ ಆಗದವರಿಗೆ ಅಜಿತ್ರೊಮೈಸಿನ್ 500 ಅಥವಾ ಡಾಕ್ಸಿಸೈಕ್ಲಿನ್ 100. ಹಳೆಯ ಚೀಟಿಗಳಲ್ಲಿ ಕ್ಲಿಂಡಮೈಸಿನ್ ಎಂದಿರುತ್ತದೆ, ಅದರಿಂದ ಬರುವ ಕೆಟ್ಟ ಭೇದಿಯ ಕಾರಣಕ್ಕೆ 2021ರಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಒಂದು ಮುಖ್ಯ ಸಂಗತಿ: ರುಮ್ಯಾಟಿಕ್ ಜ್ವರ ಮರುಕಳಿಸದಿರಲೆಂದು ಕೊಡುವ ಪೆನಿಡ್ಯೂರ್ ಎಂಬ ಪೆನಿಸಿಲಿನ್ ಇಂಜೆಕ್ಷನ್ನನ್ನು ಚಿಕ್ಕಮ್ಮ ಈಗಲೂ ಮೂರು ವಾರಕ್ಕೊಮ್ಮೆ ಹಾಕಿಸಿಕೊಳ್ಳುತ್ತಾರಾ? ಹೌದಾದರೆ ಬಾಯಿಯ ಬ್ಯಾಕ್ಟೀರಿಯಾಗಳು ಪೆನಿಸಿಲಿನ್‌ಗೆ ಪಳಗಿರುತ್ತವೆ, ಅವರಿಗೆ ಅಮಾಕ್ಸಿಸಿಲಿನ್ ಬಿಟ್ಟು ಬೇರೆ ಬಳಗದ್ದು ಕೊಡಬೇಕು. ‘ಇಂಜೆಕ್ಷನ್ ನಡೀತಿದೆಯಲ್ಲ, ಅದೇ ಸಾಕು’ ಎಂದು ಬಿಡುವ ಹಾಗಿಲ್ಲ. ಕೀಳುವುದು, ಕ್ಲೀನಿಂಗ್, ರೂಟ್ ಕೆನಾಲ್ ಇವಕ್ಕೆಲ್ಲ ಬೇಕು. ಎಕ್ಸ್‌ರೇಗೆ, ಹಲ್ಲಿನ ಸೆಟ್ ಅಳತೆಗೆ ಬೇಡ.

ಅವರ ಅಸಿಟ್ರಾಮ್ ಕೂಡ ನಿಲ್ಲಿಸುವುದಲ್ಲ. ದಕ್ಷಿಣದಲ್ಲಿ ಎಷ್ಟೋ ಜನರ ಎದೆಯಲ್ಲಿ ಇರುವುದು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು 1990ರಲ್ಲಿ ಮೊದಲ ಬಾರಿ ರೋಗಿಗೆ ಹಾಕಿದ ಚಿತ್ರಾ ವಾಲ್ವ್. ಲೋಹದ ವಾಲ್ವುಗಳು ತೆರೆದು ಮುಚ್ಚುವಾಗ ಟಿಕ್ ಟಿಕ್ ಎಂದು ಸದ್ದು ಮಾಡುತ್ತವೆ. ಇಂಥ ಲೋಹದ ವಾಲ್ವಿನ ಬಿಲ್ಲೆ ಹೆಪ್ಪುಗಟ್ಟಿ ನಿಂತರೆ ಆ ಸದ್ದೂ ನಿಲ್ಲುತ್ತದೆ. ಹಲ್ಲು ಕೀಳುವ ಹಿಂದಿನ ದಿನ, ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಮಾಡಿಸಿ, 3.5ರ ಒಳಗಿದ್ದರೆ ನಾನು ಮೇಲೆ ಹೇಳಿದ ಸ್ಪಂಜ್, ಹೊಲಿಗೆ, ಗಾಜ್ ಕ್ರಮದಲ್ಲೇ ಕಿತ್ತುಬಿಡುತ್ತೇವೆ. ಅದಕ್ಕಿಂತ ಜಾಸ್ತಿಯಿದ್ದರೆ ಹೃದಯದ ಡಾಕ್ಟರ ಬಳಿ ಕಳಿಸಿ ಪ್ರಮಾಣ ಸರಿಪಡಿಸಿಕೊಂಡು ಬರಹೇಳುತ್ತೇವೆ. ಅವರ ನಿಜವಾದ ಶತ್ರು ಹಲ್ಲಿನ ಡಾಕ್ಟರು ಅಭ್ಯಾಸಬಲದಿಂದ ಬರೆಯುವ ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್. ಅಸಿಟ್ರಾಮ್ ಜೊತೆ ಸೇರಿ ಅದು ಐಎನ್‌ಆರ್ ಎತ್ತರಕ್ಕೇರಿಸುತ್ತದೆ. ಹಲ್ಲಿನ ಸೆಟ್ಟಿನಡಿ ಬಾಯಿಹುಣ್ಣಾದಾಗ ಹಚ್ಚುವ ಮೈಕೊನಜೋಲ್ ಜೆಲ್ ಕೂಡ, ಬರೀ ಹಚ್ಚುವುದಲ್ಲವೇ ಎನಿಸಿದರೂ, ಅಷ್ಟೇ ಅಪಾಯ.

ಚಿಕ್ಕಮ್ಮನಿಗೆ ಇನ್ನೊಂದು ಮಾತು ಹೇಳಿ. ಹಲ್ಲಿನ ಕೆಲಸವಾಗಿ ಕೆಲವು ದಿನ, ಕೆಲವು ವಾರದಲ್ಲಿ ಬಿಟ್ಟು ಬಿಟ್ಟು ಜ್ವರ, ಸಂಜೆ ಚಳಿ, ರಾತ್ರಿ ಬೆವರು ಬಂದರೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಬಾರದು. ಮೊದಲು ರಕ್ತದ ಕಲ್ಚರ್ ಆಗಬೇಕು. ಎರಡು ಮಾತ್ರೆ ನುಂಗಿ ಬಂದರೂ ಸಾಕು, ಕಲ್ಚರಿನಲ್ಲಿ ಏನೂ ಬೆಳೆಯದೆ ಯಾವ ಕ್ರಿಮಿ ಎಂದು ಹುಡುಕುವುದರಲ್ಲೇ ದಿನ ಕಳೆದುಹೋಗುತ್ತವೆ.

ಅಪ್ಪನ ವಿಷಯಕ್ಕೆ ಮರಳುತ್ತೇನೆ. ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಾರೆ ಎಂದಿರಿ. ಅವರ ಮೇಲ್ತುಟಿ ಎತ್ತಿ ಮುಂದಿನ ಹಲ್ಲುಗಳ ಸಂದು ನೋಡಿ. ಒಸಡು ಗುಳ್ಳೆಗಳಂತೆ ದಪ್ಪಗಾಗಿ ಹಲ್ಲಿನ ಮೇಲೆ ಹತ್ತಿದ್ದರೆ ಅದು ಆ ಮಾತ್ರೆಯ ಪರಿಣಾಮವಿರಬಹುದು. ಎಲ್ಲರಿಗೂ ಆಗುವುದಿಲ್ಲ, ಕಿಟ್ಟ ಕಟ್ಟಿದ ಬಾಯಿಯಲ್ಲಿ ಜಾಸ್ತಿ. ಕ್ಲೀನಿಂಗ್ ಮಾಡಿಸಿದರೆ ಅರ್ಧ ಇಳಿಯುತ್ತದೆ, ಇಳಿಯದಿದ್ದರೆ ಬೇರೆ ಬಿಪಿ ಮಾತ್ರೆಗೆ ಬದಲಿಸಬಹುದೇ ಎಂದು ಅವರ ಡಾಕ್ಟರನ್ನು ಕೇಳಿ. ಒಸಡಿನ ರೋಗಕ್ಕೂ ಹೃದ್ರೋಗಕ್ಕೂ ನಂಟಿದೆ ಎಂಬುದು ನಿಜ. ಒಂದರಿಂದಲೇ ಇನ್ನೊಂದು ಬರುತ್ತದೆ ಎಂದು ಸಾಬೀತಾಗಿಲ್ಲ, ಹಾಗಾಗಿ ‘ಕ್ಲೀನಿಂಗ್ ಮಾಡಿಸಿ ಅಟ್ಯಾಕ್ ತಪ್ಪಿಸಿ’ ಎಂಬ ಬೋರ್ಡ್ ಕಂಡರೆ ನಂಬಬೇಡಿ. ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುವ ಅಭ್ಯಾಸವಿದ್ದರೆ ಅದು ಎರಡಕ್ಕೂ ಮಾರಿ.

ಆ ದಿನ ಹೇಗಿರಬೇಕು ಹೇಳುತ್ತೇನೆ. ಬೆಳಗಿನ ಹೊತ್ತಿಗೆ, ವಾರದ ಮೊದಲರ್ಧದಲ್ಲಿ ಸಮಯ ತೆಗೆದುಕೊಳ್ಳಿ. ರಾತ್ರಿ ಜಿನುಗಿದರೆ ಮಾರನೇ ದಿನ ಡಾಕ್ಟರು ಸಿಗಬೇಕಲ್ಲ, ಶನಿವಾರ ಸಂಜೆ ಬೇಡವೇ ಬೇಡ. ಆಪರೇಷನ್ ಎಂದುಕೊಂಡು ಉಪವಾಸ ಬರುವವರಿದ್ದಾರೆ. ತಿಂಡಿ ತಿನ್ನಿಸಿ, ಎಲ್ಲ ಮಾತ್ರೆ ನುಂಗಿಸಿಯೇ ಕರೆದುಕೊಂಡು ಹೋಗಿ. ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೇ ಕೈಲಿ ಹಿಡಿಯಿರಿ, ‘ಒಂದು ಬಿಳಿ, ಒಂದು ಗುಲಾಬಿ’ ಎಂದರೆ ನಮಗೆ ತಿಳಿಯುವುದಿಲ್ಲ. ಜೇಬಿನಲ್ಲಿ ಸಾರ್ಬಿಟ್ರೇಟ್ 5 ಇರಲಿ. ಕುರ್ಚಿಯಲ್ಲಿ ಎದೆ ಹಿಡಿದರೆ ನಾವು ಕೆಲಸ ನಿಲ್ಲಿಸಿ, ಕೂರಿಸಿ, ಬಿಪಿ ತೀರಾ ಇಳಿದಿಲ್ಲ ಎಂದು ನೋಡಿ ಒಂದನ್ನು ನಾಲಿಗೆಯಡಿ ಇಡುತ್ತೇವೆ. ಐದು ನಿಮಿಷದಲ್ಲಿ ಬಿಡದಿದ್ದರೆ 108ಕ್ಕೆ ಕರೆ. ಬಿಪಿ 180/110 ದಾಟಿದ್ದರೆ ಅವತ್ತು ಕೀಳದೆ ಕಳಿಸುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ಮಲಗಿದರೆ ಉಸಿರು ಕಟ್ಟುತ್ತದೆ ಎನಿಸಿದರೆ ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ಬಾಗಿಸಬೇಡಿ ಎಂದು ಅವರೇ ಹೇಳಲಿ. ಮುಗಿದ ಮೇಲೆ ದಡಕ್ಕನೆ ಏಳದೆ ಎರಡು ನಿಮಿಷ ಕೂತು ಏಳಲಿ. ಬಿಪಿ ಮಾತ್ರೆಯವರು ಕುರ್ಚಿಯಿಂದ ಇಳಿಯುವಾಗಲೇ ತಲೆ ಸುತ್ತಿ ಬೀಳುವುದು.

ಮನೆಗೆ ಬಂದ ಮೇಲೆ ಪದೇ ಪದೇ ಉಗುಳಬಾರದು, ಬಾಯಿ ಮುಕ್ಕಳಿಸಬಾರದು. ಉಗುಳಿದಷ್ಟೂ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ. ಎಂಜಲಿಗೆ ನಾಲ್ಕು ಹನಿ ರಕ್ತ ಸೇರಿದರೂ ಬೇಸಿನ್ ಪೂರ್ತಿ ಕೆಂಪಗೆ ಕಾಣುತ್ತದೆ, ಅದನ್ನು ನೋಡಿಯೇ ಮನೆಮಂದಿ ಕಂಗಾಲಾಗುವುದು. ನಿಜವಾಗಿ ರಕ್ತ ಬರುತ್ತಿದ್ದರೆ ಶುದ್ಧವಾದ ಗಾಜ್ ಒದ್ದೆ ಮಾಡಿ, ಮಡಿಸಿ, ಗುಳಿಯ ಮೇಲೆ ಸರಿಯಾಗಿ ಇಟ್ಟು ಅರ್ಧ ಗಂಟೆ ಬಿಡದೆ ಕಚ್ಚಿ ಹಿಡಿಯಲಿ. ನಡುವೆ ತೆಗೆದು ನೋಡಬೇಡಿ. ಹತ್ತಿ ಬೇಡ, ಎಳೆ ಹೆಪ್ಪಿಗೆ ಅಂಟಿಕೊಂಡು ತೆಗೆಯುವಾಗ ಎಲ್ಲ ಕಿತ್ತು ಬರುತ್ತದೆ. ಅರಿಶಿನ, ಕಾಫಿಪುಡಿ ತುಂಬುವುದಂತೂ ಬೇಡ. ಎರಡು ಸಲ ಹೀಗೆ ಮಾಡಿಯೂ ನಿಲ್ಲದಿದ್ದರೆ ಫೋನ್ ಮಾಡಿ ಹೊರಡಿ. ಅವತ್ತು ಊಟಕ್ಕೆ ತಣ್ಣನೆಯ ಮೊಸರನ್ನ, ಆರಿಸಿದ ಗಂಜಿ. ಬಿಸಿ ಕಾಫಿ ಮಾರನೇ ದಿನಕ್ಕಿರಲಿ. ಎಕೋಸ್ಪ್ರಿನ್, ಟಿಕಾಗ್ರೆಲಾರ್ ರಾತ್ರಿಯದೂ ತಪ್ಪದೆ.

ಬೆಂಗಳೂರು ಬೇಕಿಲ್ಲ. ಹರಿಹರದ ಮಗ್ಗುಲಲ್ಲೇ ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ, ಎರಡರಲ್ಲೂ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ವಿಭಾಗ ಇದೆ, ಊರಲ್ಲಿ ಹೃದಯ ನೋಡುವ ಆಸ್ಪತ್ರೆಯೂ ಇದೆ. ಹೋಗುವ ಮೊದಲು ಸ್ಟೆಂಟ್ ಹಾಕಿದ ಡಾಕ್ಟರಿಗೆ ಫೋನಿನಲ್ಲೋ ವಾಟ್ಸಾಪಿನಲ್ಲೋ ಒಂದು ಚೀಟಿ ಕೇಳಿ. ‘ಹಲ್ಲಿನ ಚಿಕಿತ್ಸೆಗೆ ಫಿಟ್’ ಎಂದು ಒಂದು ಸಾಲು ಬರೆದು ಸೀಲು ಒತ್ತಿ ಕಳಿಸುವುದು ರೂಢಿ, ಅದರಿಂದ ನಮಗೆ ಏನೂ ಉಪಯೋಗವಿಲ್ಲ. ಸ್ಟೆಂಟ್ ಹಾಕಿದ ತಾರೀಕು, ಯಾವ ಬಗೆಯ ಸ್ಟೆಂಟ್, ಹೃದಯ ಪಂಪ್ ಮಾಡುವ ಶಕ್ತಿ ಎಕೋದಲ್ಲಿ ಶೇಕಡಾ ಎಷ್ಟು, ಈಚೆಗೆ ಎದೆನೋವು ಇದೆಯೇ, ಎರಡು ಮಾತ್ರೆಯೂ ಮುಂದುವರಿಯಲಿ ಎಂಬ ಸ್ಪಷ್ಟ ಮಾತು, ಇಷ್ಟು ಬರೆಸಿಕೊಳ್ಳಿ. ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಒಂದು ಜೊತೆಗಿಡಿ. ಇದನ್ನು ಈ ವಾರದಲ್ಲೇ ಮಾಡಿ, ಮತ್ತೆ ಊದುವುದಕ್ಕೆ ಮೊದಲು.